ಸೋಡಿಯಂ ತೋರಿಸಿ ಮೇಡಂ

ಕೊರಟಗೆರೆಯ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತರಗತಿಗೆ ಬರುತ್ತಿದ್ದರು. ಏನು ಉತ್ತರ ಕೊಟ್ಟರೂ ಅವರದು ಒಂದೇ ಮಾತು: "ಹೇಳ್ಬುಟ್ರೆ ಆಯ್ತಾ? ತೋರ್ಸು."

ಒಂದು ದಿನ ಅವರು ಬೋರ್ಡಿನ ಮೇಲೆ, ಉಪ್ಪುನೀರಿಗೆ ಕರೆಂಟು ಹರಿಸಿದರೆ ಸೋಡಿಯಂ ಲೋಹವೂ ಕ್ಲೋರಿನ್ನೂ ಬೇರೆಯಾಗುತ್ತವೆ ಎಂದು ಬರೆದರು. ಅರಿಶಿನ ಕದಡಿದ ಉಪ್ಪುನೀರಿಗೆ ಬ್ಯಾಟರಿಯ ತಂತಿ ಕಟ್ಟಿದ ಎರಡು ಪೆನ್ಸಿಲ್ ಕಡ್ಡಿ ಇಳಿಸಿದರು. ಒಂದು ಕಡೆ ಕ್ಲೋರಿನ್ ಘಾಟು ಬಂತು. ಇನ್ನೊಂದು ಕಡೆ ನೀರು, ಸುಣ್ಣ ಬೆರೆತ ಆರತಿ ನೀರಿನ ಹಾಗೆ ಕೆಂಪಾಯಿತು.

"ಬರೆದ್ಬುಟ್ರೆ ಆಯ್ತಾ ಮೇಡಂ? ಸೋಡಿಯಂ ತೋರ್ಸಿ," ಅಂದುಬಿಟ್ಟೆ.

ಅವರು ಕಡ್ಡಿ ಎತ್ತಿ ನೋಡಿದರು. "ಇಲ್ಲ ಕಣಮ್ಮ. ನೀರಲ್ಲಿ ಲೋಹ ಬರಲ್ಲ, ಕ್ಷಾರ ಆಗುತ್ತೆ, ಅದಕ್ಕೇ ಕೆಂಪು. ಲೋಹ ಬೇಕಂದ್ರೆ ಬರೀ ಉಪ್ಪನ್ನೇ ಕಾಯ್ಸಿ ಕರಗ್ಸಿ, ಅದಕ್ಕೆ ಕರೆಂಟು ಹರಿಸ್ಬೇಕು. ನಾನೇ ತಪ್ಪು ಬರೆದೆ, ಅಳಿಸು," ಎಂದು ಡಸ್ಟರ್ ನನ್ನ ಕೈಗಿಟ್ಟರು.

ಮುಂದಿನ ವರ್ಷ ಆ ಕೋಣೆಯ ಮುಂದೆ ಹಾದುಹೋಗುವಾಗ ಇಣುಕಿದೆ. ಬೋರ್ಡಿನ ಮೇಲೆ ಅದೇ ತಪ್ಪು ಸಾಲಿತ್ತು. ಮೇಡಂ ಕೈಕಟ್ಟಿಕೊಂಡು, ಯಾರು ಕೇಳುತ್ತಾರೋ ಎಂದು ಕಾಯುತ್ತಿದ್ದರು.