ವಿಭೂತಿ ಕೂತ ಅಕ್ಷರಗಳು

ಹಳಿಯಾಳದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಧುಮತಿ, ಒಂದು ತಾಳೆಗರಿ ಕಟ್ಟಿನ ಕಾಲವನ್ನು ಬರೀ ಲಿಪಿ ನೋಡಿ ನಿರ್ಧರಿಸಿ ಡಾಕ್ಟರೇಟ್ ಪಡೆದಿದ್ದಳು. ಬರೆದವನು ಶಕವರ್ಷ ನಮೂದಿಸಿದ್ದ ಕೊನೆಯ ಗರಿ ಆಗ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅದು ತೇರಗಾಂವದ ಕಾಶೆವ್ವನ ದೇವರ ಜಗಲಿಯಲ್ಲಿ ಸಿಕ್ಕಿತು.

"ಸೋಮವಾರಕ್ಕೊಮ್ಮೆ ವಿಭೂತಿ ತಿಕ್ಕೇನ್ರಿ ಅಕ್ಕೋರ. ಕೆಡಿಸೀನೇನ್ರಿ?" ಕಾಶೆವ್ವ ಅಂಜುತ್ತ ಕೇಳಿದಳು.

ಕೆಟ್ಟಿದ್ದರೇ ಚೆನ್ನಾಗಿತ್ತೆಂದು ಮಧುಮತಿಗೆ ಅನ್ನಿಸಿತು. ಕೊರೆದ ಗೀರುಗಳಲ್ಲಿ ವಿಭೂತಿ ಕೂತು ಅಕ್ಷರಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಅವಳ ನಿರ್ಣಯ ನೂರು ವರ್ಷ ತಪ್ಪಿತ್ತು.

"ಏನ್ ಬರದಾರ್ರೀ? ನನಗ ಓದಾಕ ಬರಂಗಿಲ್ಲ."

ಮಧುಮತಿ ಗರಿಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ವರ್ಷವನ್ನು ಗಟ್ಟಿಯಾಗಿ ಓದಿ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು.

"ನೀ ಕೆಡಿಸಿಲ್ಲ ಯವ್ವಾ, ಕಾಯ್ದೀದಿ. ತಪ್ಪಿದಾಕಿ ನಾ."