ಸೊಟ್ಟ ರೆಕಾರ್ಡು ಆರುವ ತನಕ

ಮನೆಯವರೆಲ್ಲ ಅವನಿಗೆ ಇಟ್ಟ ಹೆಸರು ಪಾದರಸ. ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಆಸಾಮಿಯೇ ಅಲ್ಲ. ಲಿಫ್ಟ್ ರಿಪೇರಿ ಅವನ ಕೆಲಸ, ಅಲ್ಲಿ ಈ ಗುಣವೇ ಅವನಿಗೆ ಅನ್ನ ಹಾಕಿತ್ತು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಒಳಗಿನಿಂದ ಬಾಗಿಲು ಬಡಿಯುವವರಿಗೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುವವನೇ ದೇವರು. ಮನೆಯಲ್ಲಿ ಮಾತ್ರ ಅದೇ ಗುಣ ಹೆಂಡತಿಗೆ ತಲೆನೋವು. ಹಾಲು ಕಾಯುವ ಮೊದಲೇ ಲೋಟ ಹಿಡಿದು ನಿಲ್ಲುವವನ ಜೊತೆ ಬಾಳುವುದೆಂದರೆ ಹುಡುಗಾಟವೇ?

ಇಂಥವನು ಕೈ ಹಾಕಿದ್ದು, ಸುಮ್ಮನೆ ಕಾಯುವುದೇ ಮುಖ್ಯವಾದ ಕೆಲಸಕ್ಕೆ.

ಅವನ ಅಕ್ಕನ ಬಳಿ ಹಳೆಯದೊಂದು ಗ್ರಾಮಫೋನ್ ರೆಕಾರ್ಡು ಇತ್ತು. ಹತ್ತಾರು ಜನ ಸೇರಿ ಹಾಡಿದ ಹಾಡು. ಅದರ ನಡುವೆ ಒಂದೇ ಒಂದು ಸಾಲನ್ನು ಅವರಮ್ಮ ಒಬ್ಬಳೇ ಹಾಡಿದ್ದಳು. ತೀರಿಹೋದ ಅಮ್ಮನ ದನಿ ಅಂತ ಉಳಿದದ್ದು ಅಷ್ಟೇ. ಕಿಟಕಿಯ ಬಿಸಿಲಿಗೆ ಕಾದು ರೆಕಾರ್ಡು ಸೊಟ್ಟಗಾಗಿ, ಸರಿಯಾಗಿ ಆ ಸಾಲಿಗೆ ಬರುವಾಗ ಸೂಜಿ ಎಗರಿ ಮುಂದಕ್ಕೆ ಹೋಗುತ್ತಿತ್ತು. ಇತ್ತ ಅಕ್ಕನ ಕಿವಿಯೂ ದಿನದಿಂದ ದಿನಕ್ಕೆ ಮಂದವಾಗುತ್ತಿತ್ತು.

"ಪೂರ್ತಿ ಕೆಪ್ಪಿ ಆಗೋದ್ರೊಳಗೆ ಒಂದ್ಸಲ ಅಮ್ಮನ್ನ ಕೇಳಿಸ್ಬಿಡೋ," ಎಂದು ರೆಕಾರ್ಡನ್ನು ತಮ್ಮನ ಕೈಗಿಟ್ಟಳು.

ಪಾದರಸ ಅಂದೇ ಶುರು ಹಚ್ಚಿಕೊಂಡ. ಎರಡು ದಪ್ಪ ಅಲ್ಯೂಮಿನಿಯಂ ಹಲಗೆ, ಅದಕ್ಕೆ ಹದವಾಗಿ ಕಾಯುವ ಹೀಟರು, ಬಿಗಿಯಲು ನಾಲ್ಕು ಮೂಲೆಗೂ ನಟ್ಟು ಬೋಲ್ಟು. ಅಡುಗೆಮನೆಯ ಮೂಲೆಯಲ್ಲಿ ಪುಟ್ಟ ಸೂಟ್‌ಕೇಸಿನಂಥ ಪೆಟ್ಟಿಗೆ ಸಿದ್ಧವಾಯಿತು. ರೆಕಾರ್ಡನ್ನು ನಡುವೆ ಇಟ್ಟು ಬಿಗಿದು, ಮೆತ್ತಗಾಗುವಷ್ಟೇ ಕಾಯಿಸಿ, ಸ್ವಿಚ್ಚು ಆರಿಸಬೇಕು. ಆಮೇಲೆ ತಾನಾಗಿ ತಣ್ಣಗಾಗುವ ತನಕ ಮುಟ್ಟಬಾರದು. ಬಿಸಿ ಇರುವಾಗಲೇ ತೆರೆದರೆ ಹಳೇ ಸೊಟ್ಟ ಹೋಗಿ ಹೊಸ ಸೊಟ್ಟ ಬರುತ್ತದೆ. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದು ಏನು ಬಂತು? ಸ್ವಿಚ್ಚು ಆರಿಸಿದವನು ಹೊರಗೆ ಹೋದ, ಒಳಗೆ ಬಂದ. ಹಲಗೆ ಮುಟ್ಟಿ ನೋಡಿದ. ನಲ್ಲಿ ತಿರುಗಿಸಿದ, ನಿಲ್ಲಿಸಿದ, ಮತ್ತೆ ಹಲಗೆ ಮುಟ್ಟಿದ.

"ಬೇಯೋ ತನಕ ಇದ್ದೋರಿಗೆ ಆರೋ ತನಕ ಇರೋಕೆ ಏನ್ರೀ ಕಷ್ಟ?" ಎಂದಳು ಹೆಂಡತಿ.

ಅವನ ಕಷ್ಟವೇ ಬೇರೆ. ಮುಚ್ಚಿದ ಪೆಟ್ಟಿಗೆಯೊಳಗೆ ಯಾರಾದರೂ ಇದ್ದಾರೆ ಅಂದರೆ ತೆರೆಯಬೇಕು, ಅದೂ ಬೇಗ. ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಈಗ ಒಳಗಿರುವವಳು ಅಮ್ಮ ಬೇರೆ. ಹೆಂಡತಿ ಅತ್ತ ತಿರುಗಿದ್ದೇ ತಡ, ನಟ್ಟು ಬಿಚ್ಚಿದ. ಎತ್ತಿಕೊಳ್ಳುತ್ತಿದ್ದಂತೆ ಮೆತ್ತಗಿದ್ದ ಅಂಚು ಅವನ ಬೆರಳುಗಳ ನಡುವೆಯೇ ಬಾಗಿತು.

ಮತ್ತೆ ಕಾಯಿಸಿದ, ಮತ್ತೆ ಬಿಚ್ಚಿದ. "ಒಂಚೂರು ಬೆಚ್ಚಗಿತ್ತು ಅಷ್ಟೇ" ಎಂಬುದು ಅವನ ಸಮಜಾಯಿಷಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅಕ್ಕ ಫೋನು ಮಾಡಿ "ಆಯ್ತೇನೋ?" ಎಂದಾಗಲೆಲ್ಲ "ನಾಳೆ ಅಕ್ಕ" ಎನ್ನುತ್ತಿದ್ದ. ಆ ನಾಳೆಗಳಲ್ಲೇ ತಿಂಗಳುಗಳು ಉರುಳಿದವು. ಬರಬರುತ್ತಾ ಅವಳು ಕೇಳಿದ್ದನ್ನೇ ಕೇಳತೊಡಗಿದಳು, ಇವನು ಎಷ್ಟು ಕೂಗಿದರೂ ಉತ್ತರ ಮುಟ್ಟುತ್ತಿರಲಿಲ್ಲ.

ಕೊನೆಗೆ ಒಂದು ದಿನ ಅವನು ಕಾಯಿಸಿ ಸ್ವಿಚ್ಚು ಆರಿಸಿದ ಕೂಡಲೇ ಹೆಂಡತಿಯೇ ಸ್ಪ್ಯಾನರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ತವರಿಗೆ ಹೊರಟಳು. "ಸಾಯಂಕಾಲ ಬಂದು ನಾನೇ ಬಿಚ್ತೀನಿ, ನೀವು ಬೀದಿ ಸುತ್ತಿಕೊಂಡು ಬನ್ನಿ," ಎಂದಳು. ಅವನು ಸುತ್ತಿದ. ಮುಚ್ಚಿದ ಅಂಗಡಿಗಳ ಬೋರ್ಡು ಓದಿದ, ಯಾರದೋ ಕಟ್ಟಡದ ಲಿಫ್ಟಿನಲ್ಲಿ ಸುಮ್ಮಸುಮ್ಮನೆ ಮೇಲೆ ಹೋಗಿ ಕೆಳಗೆ ಬಂದ. ಸಂಜೆ ಅವಳು ಪೆಟ್ಟಿಗೆ ತೆರೆದಾಗ ರೆಕಾರ್ಡು ಮೇಜಿನ ಮೇಲೆ ಒಂದಿಷ್ಟೂ ಕದಲದೆ ಸಪಾಟಾಗಿ ಕೂತಿತು. ಹಾಕಿ ಕೇಳುವಷ್ಟು ವ್ಯವಧಾನವೂ ಇಲ್ಲದೆ ಅಕ್ಕನ ಮನೆಗೆ ಓಡಿದ.

ಅಕ್ಕ ಸ್ಪೀಕರಿಗೆ ಕಿವಿ ತಾಗಿಸಿಕೊಂಡು ಕೂತಳು. ಅವನು ದನಿ ಪೂರ್ತಿ ಏರಿಸಿ ಸೂಜಿ ಇಟ್ಟ. ಎಲ್ಲರೂ ಸೇರಿ ಹಾಡುವ ಭಾಗ ಮುಗಿಯಿತು, ಬರೀ ವಾದ್ಯಗಳು ಶುರುವಾದವು. ಇದಾದ ಮೇಲೆಯೇ ಅಮ್ಮ.

ವಾದ್ಯಗಳು ಇನ್ನೂ ನುಡಿಯುತ್ತಿರುವಾಗಲೇ ಅಕ್ಕನ ಕಣ್ಣು ತುಂಬಿ ಬಂತು. "ಕೇಳಿಸ್ತು ಕಣೋ," ಎಂದಳು. "ಅಮ್ಮನೇ."

ಮೊದಲ ದಿನವೇ ತಾಳಿಕೊಂಡಿದ್ದರೆ, ಎಂದುಕೊಂಡ.

"ಹೂಂ ಅಕ್ಕ, ಅಮ್ಮನೇ," ಎಂದ, ಅವಳ ಮುಖಕ್ಕೆ ಎದುರಾಗಿ, ತುಟಿ ಕಾಣುವ ಹಾಗೆ.

"ಪಾಪ, ಇದಕ್ಕೋಸ್ಕರ ಎಷ್ಟು ಒದ್ದಾಡಿದ್ಯೋ ನೀನು," ಎಂದು ಅಕ್ಕ ಅವನ ಕೆನ್ನೆ ಸವರುತ್ತಾ ಮಾತಾಡತೊಡಗಿದಳು. ಅವಳ ಮಾತಿನ ಅಡಿಯಲ್ಲಿ ಅಮ್ಮನ ಸಾಲು ಬಂತು, ಎಲ್ಲೂ ಎಗರದೆ ಪೂರ್ತಿ ಕೇಳಿಸಿ ಮುಗಿಯಿತು. ಅಕ್ಕ ಇನ್ನೂ ಮಾತಾಡುತ್ತಲೇ ಇದ್ದಳು.