ಸೌಳು ಮಣ್ಣಿನ ಭಾನುವಾರ

ನಮ್ಮೂರ ಚರ್ಚನ್ನು ದೂರದಿಂದ ನೋಡಿದವರು ದವಸದ ಗೋದಾಮು ಎಂದುಕೊಳ್ಳುತ್ತಿದ್ದರು. ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಕಲ್ಲಿನ ಗೋಡೆ, ಮೇಲೆ ಸೂರಾಗಿ ಸಪಾಟಾದ ಮಣ್ಣಿನ ಮಾಳಿಗೆ, ಬಾಗಿಲ ಮೇಲೊಂದು ಶಿಲುಬೆ. ತುಂಗಭದ್ರಾ ಡ್ಯಾಂ ಕಟ್ಟುವಾಗ ಕಲ್ಲು ಒಡೆಯಲು ಬಂದಿದ್ದ ನಮ್ಮ ಅಜ್ಜಂದಿರು, ಕೆಲಸ ಮುಗಿದ ಮೇಲೆ ಗಾದಿಗನೂರಿನ ಆಚೆ ನೆಲೆಯೂರಿ ಕೈಯಾರೆ ಕಟ್ಟಿದ ಚರ್ಚು ಅದು. ವಾರದ ದಿನಗಳಲ್ಲಿ ಅದೇ ಶಾಲೆ. ನಮ್ಮಪ್ಪ ಅಕ್ಷರ ಕಲಿತದ್ದು ಅಲ್ಲೇ. ಆಮೇಲೆ ಸರ್ಕಾರಿ ಶಾಲೆ ಬಂತು, ಕರೆಂಟು ಬಂತು, ಚಾಪೆಯ ಜಾಗಕ್ಕೆ ಬೆಂಚು ಬಂದವು. ಮಾಳಿಗೆ ಮಾತ್ರ ಹಾಗೇ ಉಳಿಯಿತು.

ಆ ಮಾಳಿಗೆಗೆ ವರ್ಷಕ್ಕೊಮ್ಮೆ ಸೌಳು ಮಣ್ಣು ಹಾಕಬೇಕು. ಉಪ್ಪಿನಂಶದ ಬಿಳಿಚು ಮಣ್ಣದು; ಬೆಳೆಗೆ ಆಗದು, ಆದರೆ ತುಳಿದು ಕೂರಿಸಿದರೆ ಒಂದು ಹನಿ ನೀರನ್ನೂ ಕೆಳಗೆ ಬಿಡದು. ಕಾಲುವೆ ಪಕ್ಕದ ಗೌಡರ ಹೊಲದ ಮೂಲೆಯಲ್ಲಿ ಅದಿತ್ತು. ಗೌಡರು ಲಿಂಗವಂತರು. ಆದರೂ ಮುಂಗಾರು ಹತ್ತಿರ ಬಂತೆಂದರೆ ತಾವೇ ಹೇಳಿ ಕಳಿಸುತ್ತಿದ್ದರು: “ನಿಮ್ಮ ದೇವ್ರ ಮನಿಗೆ ಮಣ್ಣು ಒಯ್ರಿ.” ಆ ಭಾನುವಾರ ಆರಾಧನೆ ಮುಗಿದೊಡನೆ ಮನೆಗೊಂದು ಬುಟ್ಟಿ ಮಣ್ಣು ಹೊತ್ತು ತರುವುದು, ಮಾಳಿಗೆಯ ಮೇಲೆ ಹರಡುವುದು, ಎಲ್ಲರೂ ಸಾಲಾಗಿ ನಿಂತು ಹಾಡು ಹೇಳುತ್ತ ತುಳಿಯುವುದು. ಕೆಳಗಿಳಿದರೆ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ಸುಳ್ಳೇಕೆ ಹೇಳಲಿ, ನನಗೆ ಕ್ರಿಸ್‌ಮಸ್‌ಗಿಂತ ಆ ದಿನವೇ ಹೆಚ್ಚು ಇಷ್ಟವಾಗಿತ್ತು.

ಗಣಿಯ ಕಾಲ ಬಂದಾಗ ಊರ ಗಂಡಸರ ಜೊತೆ ನಾನೂ ಸ್ಟೀರಿಂಗ್ ಹಿಡಿದೆ. ಸಂಡೂರಿನ ಗುಡ್ಡದಿಂದ ಅದಿರು ತರುವ ಲಾರಿಗಳಿಗೆ ಭಾನುವಾರವೆಂಬುದಿಲ್ಲ. ಒಂದು ಟ್ರಿಪ್ಪು ತಪ್ಪಿದರೆ ಲೋಕವೇ ಮುಳುಗುತ್ತದೆ ಎನ್ನುವಂತೆ ಆಡುತ್ತಿದ್ದೆವು. ಚರ್ಚಿನಲ್ಲಿ ಗಂಡಸರ ಕಡೆಯ ಬೆಂಚುಗಳು ಖಾಲಿಯಾದವು. ಕಸ ಗುಡಿಸಿ, ಬೀಗದ ಕೈ ಕಾಯುತ್ತಿದ್ದ ನಮ್ಮವ್ವನಿಗೆ ಅದೊಂದೇ ಕೊರಗು.

“ಗ್ವಾಡಿ ಗಟ್ಟಿ ಐತಪ್ಪ, ಒಳಗ ಮಂದಿ ಇಲ್ಲ. ಹಿಂಗ ಇನ್ನೆರಡು ವರ್ಷ ಹೋದ್ರ ಪಾದ್ರಿ ಅಯ್ಯನೋರೂ ಬರಾದು ಬಿಡ್ತಾರ. ಬಾಗಿಲಾ ಹಾಕಾದ ಆಮ್ಯಾಲೆ.”

“ಮುಂದಿನ ವಾರ ಬರ್ತೀನಬೇ” ಅನ್ನುತ್ತಿದ್ದೆ. ಆ ಮುಂದಿನ ವಾರ ವರ್ಷಗಟ್ಟಲೆ ಬರಲಿಲ್ಲ.

ಒಂದು ವರ್ಷ ಮಣ್ಣು ಹೊರಲು ಗಂಡಸರೇ ಸಿಗಲಿಲ್ಲ. ಅವ್ವ ಹೇಳಿದಾಗ ನನಗೆ ಭಾರಿ ಬುದ್ಧಿ ಹೊಳೆಯಿತು. ಗಣಿಯ ಬಳಿ ಬೇಡವೆಂದು ರಾಶಿ ಹಾಕಿದ್ದ ಕೆಂಪು ಮಣ್ಣನ್ನು ಒಂದು ಟಿಪ್ಪರ್ ತುಂಬಿಸಿಕೊಂಡು ಬಂದೆ. ಜೆಸಿಬಿ ಅದನ್ನು ಎತ್ತಿ ಮಾಳಿಗೆಗೆ ಸುರಿಯಿತು, ಇಬ್ಬರು ಕೂಲಿಯವರು ಹರಡಿದರು. ಮಣ್ಣು ಮಣ್ಣೇ ಅಲ್ಲವೇ! ದಿನವಿಡೀ ಹಿಡಿಯುತ್ತಿದ್ದ ಕೆಲಸ ಒಂದು ತಾಸಿನಲ್ಲಿ ಮುಗಿಯಿತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಮೆಚ್ಚಿಕೊಂಡಳು ಅಂದುಕೊಂಡೆ.

ಮೊದಲ ದೊಡ್ಡ ಮಳೆ ಆರಾಧನೆಯ ಹೊತ್ತಿಗೇ ಸುರಿಯಿತು. ನಾನು ಎಂದಿನಂತೆ ಲಾರಿ ಸಾಲಿನಲ್ಲಿದ್ದೆ. ಮಾಳಿಗೆಯ ತುಂಬ ಕೆಂಪು ನೀರು ಸೋರಿ, ಅಯ್ಯನವರ ಬಿಳಿ ನಿಲುವಂಗಿ ಹೋಳಿ ಆಡಿದ ಹಾಗಾಯಿತಂತೆ. ಅವರು ಕೊಡೆ ಹಿಡಿದುಕೊಂಡೇ ದೇವರ ವಾಕ್ಯದ ಪ್ರಸಂಗ ಮುಗಿಸಿದರಂತೆ. ಸಂಜೆಯೊಳಗೆ ಸುದ್ದಿ ಕುರೆಕುಪ್ಪದ ಟೀ ಅಂಗಡಿವರೆಗೂ ಮುಟ್ಟಿತ್ತು. ಗೌಡರೂ ದಾರಿಯಲ್ಲಿ ಹಿಡಿದು ಕೇಳಿದರು: “ಯಾಕಲೇ, ನಮ್ಮ ಹೊಲದ ಮಣ್ಣು ನಿನ್ನ ಟಿಪ್ಪರಿಗೆ ಕಮ್ಮಿ ಆತೇನು?”

ನಾಚಿಕೆಯಿಂದ ಕುಗ್ಗಿಹೋದೆ. ಮುಂದಿನ ಭಾನುವಾರ ಲಾರಿ ನಿಲ್ಲಿಸಿದೆ. ನನ್ನನ್ನು ನೋಡಿ ನಕ್ಕಿದ್ದ ನಮ್ಮ ಚರ್ಚಿನ ಡ್ರೈವರುಗಳನ್ನೂ ಮನೆಮನೆಗೆ ಹೋಗಿ ಎಳೆದು ತಂದೆ. ಚರ್ಚಿನ ಗೋಡೆಯದು ಅವರ ಅಜ್ಜಂದಿರೂ ಹೊತ್ತ ಕಲ್ಲಲ್ಲವೇ. ಕೆಂಪು ಮಣ್ಣನ್ನೆಲ್ಲ ಕೆರೆದು ತೆಗೆದೆವು. ಗೌಡರ ಹೊಲದಿಂದ ತಲೆಯ ಮೇಲೆ ಬುಟ್ಟಿ ಹೊತ್ತೆವು. ಟಿಪ್ಪರಿನ ಹೆಸರೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ತುಳಿಯುವಾಗ ಹಾಡಿನ ಎರಡನೇ ಚರಣವೇ ಮರೆತುಹೋಗಿತ್ತು. ಹೆಂಗಸರು ಕೆಳಗಿನಿಂದ ಹೇಳಿಕೊಟ್ಟರು, ನಾವು ಮೇಲೆ ಕೂಗಿದೆವು. ಎಷ್ಟೋ ವರ್ಷಗಳ ಮೇಲೆ ಅಷ್ಟು ಖುಷಿಯಾಗಿತ್ತು ನನಗೆ.

ಕೆಳಗಿಳಿದು ಒಗ್ಗರಣೆ ತಿನ್ನುವಾಗ ಅವ್ವನನ್ನು ಕೇಳಿದೆ: “ಅಲ್ಲಬೇ, ಕೆಂಪು ಮಣ್ಣು ನೀರು ತಡಿಯಂಗಿಲ್ಲಂತ ನಿನಗ ಗೊತ್ತಿರಲಿಲ್ಲೇನು?”

“ಗೊತ್ತಿತ್ತು.”

“ಮತ್ತ ಯಾಕ ಸುಮ್ನ ನಿಂತಿದ್ದಿ?”

ಅವ್ವ ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು. “ಮಂದಿ ಇಲ್ಲಂತ ಇಷ್ಟು ವರ್ಷ ಹೇಳಿದೆ, ಒಬ್ರೂ ಬರಲಿಲ್ಲ. ಮಾಳಿಗಿ ಸೋರಿತು, ಎಲ್ಲಾರೂ ಬಂದ್ರಿ” ಎಂದಳು.

ಮುಂದಿನ ಭಾನುವಾರ ಮಳೆಯಿರಲಿಲ್ಲ, ಮಾಳಿಗೆಯೂ ಭದ್ರವಾಗಿತ್ತು. ಲಾರಿಯನ್ನು ರಸ್ತೆ ಬದಿಗೆ ಹಾಕಿ ಒಳಗೆ ಹೋಗಿ ಬೆಂಚಿನಲ್ಲಿ ಕುಳಿತೆ. ಹಾಡು ಶುರುವಾಗುವ ಹೊತ್ತಿಗೆ ಹೊರಗೆ ಇನ್ನೂ ಮೂರು ಲಾರಿಗಳು ಬಂದು ನಿಂತವು.